ಮೂಳೆ ಕೂಡುವ ತನಕ

ಹಲ್ಲು ಕಿತ್ತ ಕುಳಿಗೆ ಡಾಕ್ಟರಮ್ಮ ಬಿಳಿ ಪುಡಿ ತುಂಬಿ, ಮೇಲೊಂದು ತೆಳು ಪೊರೆ ಹೊದಿಸಿ, ಒಸಡನ್ನು ಎಳೆದು ಹೊಲಿಗೆ ಹಾಕಿದರು. ಬಾಯಿ ಮರಗಟ್ಟಿದ್ದರಿಂದ ದೊಡ್ಡುಸಿರಪ್ಪನಿಗೆ ನೋವು ತಿಳಿಯಲಿಲ್ಲ; ದಾರ ಎಳೆದಾಗೆಲ್ಲ ಮೇಲ್ದುಟಿ ಅಲುಗಿದ್ದಷ್ಟೇ ಗೊತ್ತಾಯಿತು. ಆ ತುಟಿಯೇ ಅವನ ಅನ್ನ. ಊರಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವರ ಮುಂದಾಳು ಕೂರುವ ಮೊದಲ ಕುರ್ಚಿ ಅವನದು. ಒಂದೇ ಉಸಿರಿನಲ್ಲಿ ಸ್ವರ ಹಿಡಿದು ನಿಂತನೆಂದರೆ ಕೇಳುವವರಿಗೇ ಉಸಿರುಗಟ್ಟಬೇಕು, ಹಾಗೆ ಊದುತ್ತಿದ್ದ. ಜೊತೆಯವರು ಇಟ್ಟ ಆ ಅಡ್ಡಹೆಸರೇ ನಿಂತುಬಿಟ್ಟು, ಹೆತ್ತವರು ಇಟ್ಟ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ.

"ಈ ಪುಡಿನೇ ಮೂಳೆ ಆಗತ್ತಾ?" ಎಂದು ತೊದಲಿದ.

"ಇಲ್ಲ, ಅದು ಬರೀ ಆಸರೆಗೆ. ಕೀವು ತಿಂದು ಹಾಕಿರೋ ಜಾಗಕ್ಕೆ ನಿಮ್ಮ ಮೂಳೆನೇ ಅಕ್ಕಪಕ್ಕದಿಂದ ಬೆಳ್ಕೊಂಡು ಬರಬೇಕು. ಅದು ಗಟ್ಟಿಯಾದ್ಮೇಲೆ ತಿರುಪು ಕೂರಿಸಿ ಹಲ್ಲು ಕಟ್ತೀನಿ. ಅಲ್ಲೀತನಕ ಊದೋ ಹಾಗಿಲ್ಲ."

"ಎಷ್ಟು ದಿನ ಡಾಕ್ಟ್ರೇ?" ಪಕ್ಕದಲ್ಲಿ ನಿಂತಿದ್ದ ಮಗಳು ಕೇಳಿದಳು.

"ದಿನ ಅಲ್ಲಮ್ಮ, ತಿಂಗಳುಗಳೇ ಬೇಕು."

ಮೊದಲ ಕುರ್ಚಿಯನ್ನು ಅಷ್ಟು ಕಾಲ ಖಾಲಿ ಬಿಡುವಂತಿರಲಿಲ್ಲ. ಬ್ಯಾಂಡ್ ಮಾಸ್ತರು ಹೊರಗಿನಿಂದ ಯಾರನ್ನಾದರೂ ಕರೆಸುವ ಯೋಚನೆಯಲ್ಲಿದ್ದರು. ದೊಡ್ಡುಸಿರಪ್ಪ ಊದಿಕೊಂಡ ಮುಖ ಹೊತ್ತೇ ಹೋಗಿ, ತನ್ನ ಅಳಿಯನನ್ನು ಕೂರಿಸಿ ಎಂದು ದುಂಬಾಲು ಬಿದ್ದ. ಅಳಿಯ ಅವನ ಶಿಷ್ಯನೇ, ಮೂರನೇ ಕುರ್ಚಿಯಲ್ಲಿ ಊದುತ್ತಿದ್ದವನು. ಪಾಠಕ್ಕೆಂದು ಮನೆಗೆ ಬಂದು ಮಗಳನ್ನು ಮೆಚ್ಚಿ, ಮದುವೆಯಾಗಿ ಅಲ್ಲೇ ಉಳಿದಿದ್ದ. "ಮನೆ ಹುಡುಗ, ನಾನು ವಾಪಸ್ ಬಂದ ಕೂಡ್ಲೇ ಎದ್ದು ಕೊಡ್ತಾನೆ," ಎಂದ ದೊಡ್ಡುಸಿರಪ್ಪ. ಮಾಸ್ತರು ಒಪ್ಪಿದರು.

ಆಮೇಲಿನ ತಿಂಗಳುಗಳಲ್ಲಿ ಅವನು ಬಾಣಂತಿಗಿಂತ ಹೆಚ್ಚು ಪಥ್ಯ ಮಾಡಿದ. ಎಷ್ಟೋ ವರ್ಷದ ಸಿಗರೇಟು ಬಿಟ್ಟ. ಹೊಲಿಗೆಗೆ ಪೆಟ್ಟಾದೀತೆಂದು ಬಾಯಿ ಅಗಲಿಸಿ ಸೀನತೊಡಗಿದ. ಆ ಆರ್ಭಟಕ್ಕೆ ಪಕ್ಕದ ಮನೆಯ ನಾಯಿ ಬೊಗಳಿ ಬೊಗಳಿ ಸುಸ್ತಾಗುತ್ತಿತ್ತು. ಒಂದು ಬೆಳಿಗ್ಗೆ ನಾಲಿಗೆಗೆ ಮರಳಿನಂಥದ್ದೇನೋ ಸಿಕ್ಕಿತು. ಎದ್ದುಬಿದ್ದು ಆಸ್ಪತ್ರೆಗೆ ಓಡಿದ. "ಆ ಪುಡಿ ಒಂದೆರಡು ಕಾಳು ಉದುರತ್ತೆ, ಒಸಡು ಚೆನ್ನಾಗಿ ಕೂಡಿದೆ, ಗಾಬರಿ ಬೇಡ," ಎಂದರು ಡಾಕ್ಟರಮ್ಮ. ಆಗಲೂ ಮಗಳು ಜೊತೆಗಿದ್ದಳು.

ಸಂಜೆ ಹೊತ್ತು ಅಳಿಯನನ್ನು ಎದುರಿಗೆ ಕೂರಿಸಿಕೊಂಡು, ತಾನು ಯಾರಿಗೂ ಬಿಟ್ಟುಕೊಡದ ವರಸೆಗಳನ್ನೆಲ್ಲ ಕಲಿಸಿದ. ಎಲ್ಲಿ ಕಳ್ಳ ಉಸಿರು ಎಳೆಯಬೇಕು, ಸುಸ್ತಾದ ತುಟಿಯನ್ನು ಹೇಗೆ ಸುಧಾರಿಸಬೇಕು, ಎಲ್ಲವನ್ನೂ. ತಾನು ಊದುವಂತಿಲ್ಲವಲ್ಲ, ಗಾಳಿಯಲ್ಲೇ ಬೆರಳಾಡಿಸಿ ತೋರಿಸುತ್ತಿದ್ದ.

ಕೊನೆಗೆ ಎಕ್ಸ್‌ರೇ ಹಿಡಿದು ಡಾಕ್ಟರಮ್ಮ ಹಿಗ್ಗಿದರು. "ಈ ವಯಸ್ಸಲ್ಲಿ ಇಷ್ಟು ಚೆನ್ನಾಗಿ ಕೂಡೋದು ಅಪರೂಪ ಕಣ್ರೀ." ತಿರುಪು ಕೂತಿತು. ಅದೂ ಮೂಳೆಯೊಳಗೆ ಬಿಗಿಯಾದ ಮೇಲೆ ಹಲ್ಲು ಬಂತು. ದೊಡ್ಡುಸಿರಪ್ಪ ಮೆಲ್ಲಮೆಲ್ಲನೆ ಊದಿ ತುಟಿ ಹದ ಮಾಡಿಕೊಂಡು, ಟ್ರಂಪೆಟ್ ಫಳಫಳ ಉಜ್ಜಿ, ಬ್ಯಾಂಡಿನ ಅಭ್ಯಾಸದ ಹಾಲ್‌ಗೆ ಹೋದ.

ಮಾಸ್ತರು ತಬ್ಬಿಬ್ಬಾದರು. "ನಿಮಗೆ ಮೂಳೆ ಕೂಡೋದೇ ಇಲ್ವಂತೆ? ಇನ್ನು ಊದೋಕಾಗಲ್ಲ ಅಂತ ನಿಮ್ಮ ಅಳಿಯನೇ ಬಂದು ಹೇಳಿದ್ನಲ್ರೀ. ಕುರ್ಚಿ ಅವನಿಗೇ ಕಾಯಂ ಮಾಡಿಬಿಟ್ವಿ."

"ಯಾವಾಗ ಹೇಳಿದ?"

"ಆಗ್ಲೇ. ನಿಮ್ಮ ಮುಖದ ಊತ ಇನ್ನೂ ಇಳಿದಿರಲಿಲ್ಲ."

ಮನೆಗೆ ಬಂದವನು ಚಪ್ಪಲಿ ಬಿಡದೆ ಅಡುಗೆಮನೆಗೆ ನಡೆದ. ಮಗಳು ಪಾತ್ರೆ ತಿಕ್ಕುತ್ತಿದ್ದಳು. ಅವನ ಮುಖ ನೋಡಿದ್ದೇ ನಲ್ಲಿ ನಿಲ್ಲಿಸಿದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತಪ್ಪ." ಅವಳು ತಲೆ ತಗ್ಗಿಸಲಿಲ್ಲ. "ನೀವು ಎದ್ದು ಕೊಡೋದು ಯಾವಾಗ, ಇವರು ಕೂರೋದು ಯಾವಾಗ?"

"ಮತ್ತೆ ಪ್ರತಿ ಸಲ ನನ್ನ ಜೊತೆ ಆಸ್ಪತ್ರೆಗೆ ಬರ್ತಿದ್ದೆಯಲ್ಲೇ?"

"ನಿಮಗೆ ಹಲ್ಲು ಬರಲಿ ಅಂತ. ನೆಮ್ಮದಿಯಾಗಿ ಊಟ ಮಾಡ್ಲಿ ಅಂತ."

ಬೈದಿದ್ದರೆ ಅವನಿಗೆ ಇಷ್ಟು ಉರಿಯುತ್ತಿರಲಿಲ್ಲ.

ಅಳಿಯ ಆ ದಿನ ಬಾಗಿಲ ಬಳಿಯೇ ನಿಂತು, "ಮಾವ, ಮೂರನೇ ಕುರ್ಚಿ ಖಾಲಿ ಇದೆ. ನೀವು ಬಂದ್ರೆ ನನಗೂ ಧೈರ್ಯ," ಎಂದ. ಉಗಿದು ಅಟ್ಟುತ್ತಾನೆಂದೇ ಮಗಳು ಅಂದುಕೊಂಡಿದ್ದಳು. ದೊಡ್ಡುಸಿರಪ್ಪ, "ಆಗಲಿ," ಎಂದ.

ವರ್ಷದ ದೊಡ್ಡ ಕಛೇರಿ ಬಂತು. ಸಭಾಂಗಣ ಕಿಕ್ಕಿರಿದಿತ್ತು, ಮಗಳು ಮುಂದಿನ ಸಾಲಿನಲ್ಲೇ ಇದ್ದಳು. ಕೊನೆಯ ತುಣುಕಿನಲ್ಲಿ ಮೊದಲ ಟ್ರಂಪೆಟ್ ಒಂಟಿಯಾಗಿ ಮೇಲೇರಿ, ಉದ್ದನೆಯ ಸ್ವರದಲ್ಲಿ ನಿಲ್ಲಬೇಕು. ಅಳಿಯನಿಗೆ ಅಷ್ಟು ಉಸಿರಿರಲಿಲ್ಲ. ಅದಕ್ಕೇ ಅಭ್ಯಾಸದಲ್ಲೆಲ್ಲ ಮಾವ ಹಿಂದಿನಿಂದ ಸದ್ದಿಲ್ಲದೆ ಅದೇ ಸ್ವರಕ್ಕೆ ಸೇರಿಕೊಂಡು ಆಸರೆ ಕೊಡುತ್ತಿದ್ದ. ಕೇಳುವವರಿಗೆ ಒಬ್ಬನೇ ಊದಿದಂತೆ ಇರುತ್ತಿತ್ತು.

ಅಳಿಯ ಏರಿದ, ನಿಂತ. ದೊಡ್ಡುಸಿರಪ್ಪ ಟ್ರಂಪೆಟ್ ಎತ್ತಿದ. ತುಟಿ ಹದವಾಗಿತ್ತು, ಹಲ್ಲು ಭದ್ರವಾಗಿತ್ತು, ಎದೆ ತುಂಬ ಗಾಳಿಯಿತ್ತು. ಎತ್ತಿದ್ದನ್ನು ನಿಧಾನಕ್ಕೆ ತೊಡೆಯ ಮೇಲಿಟ್ಟುಕೊಂಡ.

ಸ್ವರ ನಡುಗಿತು, ಒಡೆಯಿತು, ಆಡು ಅರಚಿದಂತಾಗಿ ನಿಂತುಹೋಯಿತು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಳಿಯ ಕೆಂಪಾದ ಮುಖ ಹೊರಳಿಸಿ ಹಿಂದೆ ನೋಡಿದ. ದೊಡ್ಡುಸಿರಪ್ಪನೂ ಅವನನ್ನೇ ನೋಡಿದ. ಒಳಗೆ ತಣ್ಣಗಾದೀತೆಂದು ಕಾದ, ಆಗಲಿಲ್ಲ.

ಅಭ್ಯಾಸದಲ್ಲಿ ಆಸರೆ ಕೊಟ್ಟವನೇ ಈಗ ಬೇಕೆಂದು ಕೈಬಿಟ್ಟನೆಂದು ಮಾಸ್ತರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊದಲ ಕುರ್ಚಿಗೆ ಹೊರಗಿನವನೊಬ್ಬ ಬಂದ. ಅಳಿಯ ಮರಳಿ ಮೂರನೆಯದಕ್ಕೆ ಇಳಿದ. ದೊಡ್ಡುಸಿರಪ್ಪನಿಗೆ, "ನೀವಿನ್ನು ವಿಶ್ರಾಂತಿ ತಗೊಳ್ಳಿ," ಎಂದು ಕೈಮುಗಿದರು.

ಮಗಳು ತಟ್ಟೆ ಇಡುತ್ತ ಕೇಳಿದಳು: "ಬೇಕಂತಲೇ ಸುಮ್ಮನಿದ್ರಾ?"

ಹಲ್ಲಿನ ನೆಪ ಹೇಳಬಹುದಿತ್ತು. "ಹೌದು," ಎಂದ.

"ಇವರು ಮಾಡಿದ್ದು ತಪ್ಪೇ, ನಾನು ಮಾಡಿದ್ದೂ ತಪ್ಪೇ. ಆದ್ರೆ ಅಷ್ಟು ಜನರ ಮುಂದೆ ಹಾಗೆ ಬಿಟ್ಟುಬಿಟ್ರಲ್ಲ." ಇಟ್ಟಿದ್ದ ಎರಡು ತಟ್ಟೆಗಳಲ್ಲಿ ಒಂದನ್ನು ಅವಳು ಎತ್ತಿಕೊಂಡಳು. "ಇನ್ಮೇಲೆ ನಿಮ್ಮಿಬ್ಬರಿಗೂ ಒಟ್ಟಿಗೆ ಬಡಿಸೋದು ನನ್ನ ಕೈಲಾಗಲ್ಲ."

ಅಂದಿನಿಂದ ಅಳಿಯ ಮೊದಲು ಉಣ್ಣುತ್ತಾನೆ. ಅವನು ಕೈ ತೊಳೆದು ಎದ್ದು ಹೋದ ಸದ್ದು ಕೇಳಿದ ಮೇಲೆ ದೊಡ್ಡುಸಿರಪ್ಪ ಕೋಣೆಯಿಂದ ಹೊರಗೆ ಬರುತ್ತಾನೆ.