ಬಲಗಡೆಯ ಅರ್ಧ ಇಂಚು

ಬೆಳಗ್ಗೆ ಎಂಟಕ್ಕೆ ಜೀಪಿನ ಕೆಳಗೆ ಮಲಗಿದವನು ಹನ್ನೊಂದಾದರೂ ಅಲ್ಲೇ ಇದ್ದೆ. ಎಡಗಡೆಯ ಮೌಂಟ್ ಹತ್ತೇ ನಿಮಿಷದಲ್ಲಿ ಕೂತಿತ್ತು. ಬಲಗಡೆಯದು ಮಾತ್ರ ಕೂರಲೊಲ್ಲೆ ಅಂತ ಹಟ ಹಿಡಿದಿತ್ತು. ಕೆಳಗಿನ ಬೋಲ್ಟ್ ಸೇರಿಸಿದರೆ ಮೇಲಿನ ತೂತು ಸರಿಯುತ್ತಿತ್ತು, ಮೇಲಿನದು ಸೇರಿಸಿದರೆ ಕೆಳಗಿನದು. ಅರ್ಧ ಇಂಚು ಅಷ್ಟೇ. ಆ ಅರ್ಧ ಇಂಚಿಗಾಗಿ ನಾನು ಮೂರು ಗಂಟೆಯಿಂದ ಮುಖದ ಮೇಲೆ ಮಣ್ಣು ಉದುರಿಸಿಕೊಳ್ಳುತ್ತಿದ್ದೆ.

ಮೌಂಟ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಕಬ್ಬಿಣದ ತಟ್ಟೆಗಳ ನಡುವೆ ಒಂದು ರಬ್ಬರ್ ಮುದ್ದೆ. ಆ ಕಡೆ ಒಂದು, ಈ ಕಡೆ ಒಂದು, ಇಡೀ ಇಂಜಿನ್ನನ್ನು ಹೊತ್ತುಕೊಂಡು ಚಾಸಿಯ ಮೇಲೆ ಕೂತಿರುತ್ತವೆ. ಅವು ಸತ್ತರೆ ಇಂಜಿನ್ನಿನ ನಡುಕವೆಲ್ಲ ಗಾಡಿಗೆ, ಗಾಡಿಯಿಂದ ಕೂತವರ ಹಲ್ಲಿಗೆ. ನನ್ನ ಜೀಪಿನಲ್ಲಿ ಕೂತು ಮಾತಾಡಿದವರ ಮಾತೆಲ್ಲ ತೊದಲು ಮಾತೇ.

ಹೋದ ವಾರ ಟವರಿನ ಇಂಜಿನಿಯರ್ ಒಬ್ಬರು ಅದರಲ್ಲಿ ಬೆಟ್ಟ ಹತ್ತಿ ಇಳಿದರು. ಬೆಟ್ಟದ ಮೇಲಿನ ಟವರಿಗೆ ಜನರನ್ನೂ ಯಂತ್ರಗಳನ್ನೂ ಹೊರಲು ಅವರಿಗೆ ಎರಡು ವರ್ಷದ ಮಟ್ಟಿಗೆ ಒಂದು ಬಾಡಿಗೆ ಗಾಡಿ ಬೇಕಿತ್ತು. ಸೊಂಟ ಹಿಡಿದುಕೊಂಡು ಇಳಿದವರು, ಹತ್ತುವುದೇನೋ ಚೆನ್ನಾಗಿ ಹತ್ತುತ್ತದೆ, ಆದರೆ ಈ ನಡುಕಕ್ಕೆ ಯಂತ್ರಗಳು ಉಳಿಯುವುದಿಲ್ಲ ಅಂದರು. ಶನಿವಾರ ನಾಲ್ಕಕ್ಕೆ ಬಂದು ನೋಡುತ್ತೇನೆ, ನಡುಕ ಹೋಗಿದ್ದರೆ ಕೆಲಸ ನಿಮ್ಮದು, ಇಲ್ಲದಿದ್ದರೆ ಇನ್ನೊಬ್ಬರ ಹೊಸ ಗಾಡಿ ಇದೆ ಅಂತಲೂ ಹೇಳಿದರು. ಆರು ತಿಂಗಳಿಂದ ಬಿಡಿ ಬಾಡಿಗೆಗೆ ಕಾಯುತ್ತಾ ಬಾಗಿಲಲ್ಲಿ ಕೂತವನು ನಾನು. ಇವತ್ತೇ ಆ ಶನಿವಾರ.

ಈ ಸಂಕಟದ ಪಕ್ಕದಲ್ಲೇ, ಕವುಚಿ ಹಾಕಿದ ಡಬ್ಬದ ಮೇಲೆ, ನನ್ನ ಮಾವ ಕೂತಿದ್ದರು. ನನ್ನ ಹೆಂಡತಿಯ ಅಪ್ಪ, ಕಲ್ಲು ಕ್ವಾರಿಯ ಗ್ಯಾರೇಜಿನಲ್ಲಿ ನಲವತ್ತು ವರ್ಷ ಹೆಡ್ ಮೇಸ್ತ್ರಿ. ಈ ಜೀಪೂ ಅದೇ ಕ್ವಾರಿಯದು; ನನ್ನ ಕೈಯಲ್ಲೇ ಬೆಳೆದ ಗಾಡಿ ಅಂತ ಹೇಳಿ ನನಗೆ ಕೊಡಿಸಿದವರು ಅವರೇ. ಎಷ್ಟೇ ಸಿಟ್ಟು ಬರಲಿ, ಅಳಿಯನಿಗೆ ಬಹುವಚನ ಬಿಡುವವರಲ್ಲ. ತಲೆಯಲ್ಲಿ ಏನಿದೆ ಅನ್ನಬೇಕಾದ ಕಡೆ "ತಾವು ಸ್ವಲ್ಪ ಬುದ್ಧಿ ಉಪಯೋಗಿಸಬಹುದಲ್ವೇ ಅಳಿಯಂದ್ರೆ" ಅನ್ನುತ್ತಾರೆ. ಇಷ್ಟು ಮರ್ಯಾದೆಯಿಂದ ಬೈಸಿಕೊಂಡವನು ತಿರುಗಿ ಬೈಯುವುದಾದರೂ ಹೇಗೆ?

"ಹಾರೆ ಹಾಕಿ ಮೀಟಿ," ಅಂದರು. "ಹೊಂದ್ಕೊಳ್ಳುತ್ತೆ."

ಮೀಟಿದೆ. ಅಡಿಯ ಎಣ್ಣೆತೊಟ್ಟಿಗೆ ಹಲಗೆ ಕೊಟ್ಟು ಜಾಕಿನ ಮೇಲೆ ನಿಲ್ಲಿಸಿದ್ದ ಇಂಜಿನ್ ಒಮ್ಮೆ ಅಲುಗಿತು, ಫ್ಯಾನು ರೇಡಿಯೇಟರಿಗೆ ತಾಗಿ ಕಿರ್ ಅಂದಿತು. ತೂತು ಮಾತ್ರ ಇದ್ದಲ್ಲೇ ಇತ್ತು. ಜಾಕನ್ನು ಒಂದು ಹಲ್ಲು ಏರಿಸಿ ಅಂದರು, ಏರಿಸಿದೆ. ಇಳಿಸಿ ಅಂದರು, ಇಳಿಸಿದೆ. ಎಡಗಡೆಯದನ್ನು ಸಡಿಲ ಮಾಡಿ ಎರಡನ್ನೂ ಒಟ್ಟಿಗೆ ಕೂರಿಸಿ ಅಂದರು, ಅದನ್ನೂ ಮಾಡಿದೆ. ಕೊನೆಗೆ ಅವರು, ಅಂಗಡಿಯವನು ತಪ್ಪು ಪೀಸು ಕೊಟ್ಟಿದ್ದಾನೆ, ಬದಲಾಯಿಸಿಕೊಂಡು ಬನ್ನಿ ಅಂತ ತೀರ್ಪು ಕೊಟ್ಟರು.

ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗುವವರೆಲ್ಲ ಹಳೆಯ ಪೀಸನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತಾರೆ. ಹಿಂದಿನ ದಿನ ಹೊಸ ಮೌಂಟ್ ಕೊಂಡಾಗಲೂ ಅಂಗಡಿಯವನು ಕೇಳಿದ್ದ, ಈಗಲೂ ಕೇಳಿದ, ಹಳೇದು ತಂದಿದ್ದೀರಾ ಅಂತ. ತಂದಿರಲಿಲ್ಲ. ಬೆಳಗ್ಗೆ ಮಾವನವರೇ ಬಗ್ಗಿ ಎರಡನ್ನೂ ಬಿಚ್ಚಿ, ಎಣ್ಣೆ ಕುಡಿದು ಹಲ್ವದ ಹಾಗೆ ಆಗಿದ್ದವನ್ನು ನೇರವಾಗಿ ಗುಜರಿ ಡ್ರಮ್ಮಿಗೆ ಎಸೆದಿದ್ದರು. ನಂಬರು ನನ್ನ ಬಾಯಲ್ಲೇ ಇದೆ, ಪೀಸು ಯಾತಕ್ಕೆ ಅಂದಿದ್ದರು. ಅಂಗಡಿಯವನು ತಕರಾರು ಮಾಡದೆ ಬೇರೆ ಡಬ್ಬದಿಂದ ಇನ್ನೊಂದು ತೆಗೆದುಕೊಟ್ಟ. ಅದೂ ಅದೇ ಅರ್ಧ ಇಂಚು ದೂರ ನಿಂತಿತು.

"ಡೂಪ್ಲಿಕೇಟ್ ಮಾಲು," ಅಂದರು ಮಾವ. "ತಮ್ಮನ್ನ ನೋಡಿದ್ರೆ ಯಾರಿಗಾದ್ರೂ ಟೋಪಿ ಹಾಕೋಣ ಅನ್ಸುತ್ತೆ."

ಒಳಗಿಂದ ನನ್ನ ಹೆಂಡತಿ, ಅಪ್ಪ ಹೇಳಿದ ಮೇಲೆ ಮುಗಿಯಿತಲ್ಲ, ಹೋಗಿ ಕೇಳಿ ಅಂದಳು. ತಂದೆ ಮಗಳು ಸೇರಿದರೆ ನನ್ನ ಓಟು ಲೆಕ್ಕಕ್ಕಿಲ್ಲ. ಮತ್ತೆ ಹೋದೆ. ಒಂದು ಗಂಟೆಯ ಬಿಸಿಲು, ಹೊಟ್ಟೆಯಲ್ಲಿ ಹಸಿವು, ತಲೆಯಲ್ಲಿ ನಾಲ್ಕು ಗಂಟೆ. ಐದಾರು ಗಿರಾಕಿಗಳ ಎದುರಿಗೆ ಅಂಗಡಿಯವನನ್ನು ಬಾಯಿಗೆ ಬಂದಂತೆ ಬೈದೆ. ಕಳ್ಳ ಅಂದೆ, ಜನರ ಹೊಟ್ಟೆ ಮೇಲೆ ಹೊಡೆಯುವವನು ಅಂದೆ. ಅವನು ದನಿ ಏರಿಸಲಿಲ್ಲ. ನಾನು ತಂದದ್ದನ್ನೂ ಹೊಸದೊಂದನ್ನೂ ಗಲ್ಲಾಪೆಟ್ಟಿಗೆಯ ಮೇಲೆ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ, ತೂತಿಗೆ ತೂತು ಕೂಡಿದ್ದನ್ನು ಬೆರಳು ಹಾಕಿ ತೋರಿಸಿದ.

"ಎರಡೂ ಒಂದೇ ಅಣ್ಣ. ಪೀಸ್ ಅಳೆದಾಯ್ತು, ಇನ್ನು ನಿಮ್ಮ ಗಾಡೀನ ಅಳೆದು ನೋಡಿ."

ಗಿರಾಕಿಗಳಲ್ಲಿ ಯಾರೋ ನಕ್ಕರು. ಮೈಯೆಲ್ಲ ಉರಿದುಹೋಯಿತು. ಆದರೆ ದಾರಿಯುದ್ದಕ್ಕೂ ಕಿವಿಯಲ್ಲಿ ಉಳಿದದ್ದು ನಗುವಲ್ಲ, ಅವನ ಮಾತು.

ಮನೆಗೆ ಬಂದಾಗ ಮಾವ ಊಟಕ್ಕೆ ಒಳಗೆ ಹೋಗಿದ್ದರು. ಟೇಪು ತೆಗೆದುಕೊಂಡು ಜೀಪಿನ ಕೆಳಗೆ ತೂರಿದೆ. ಚಾಸಿಯ ಮುಂದಿನ ಅಡ್ಡಪಟ್ಟಿಯಿಂದ, ಮೌಂಟ್ ಕೂರುವ ಎಡ ಬ್ರಾಕೆಟ್ಟಿಗೆ ಹನ್ನೊಂದು ಇಂಚು. ಬಲ ಬ್ರಾಕೆಟ್ಟಿಗೆ ಹನ್ನೊಂದೂವರೆ. ಮೂರು ಸಲ ಅಳೆದೆ, ಮೂರು ಸಲವೂ ಹನ್ನೊಂದೂವರೆ. ತಂತಿ ಬ್ರಷ್ಷಿನಿಂದ ಕೆಸರು, ಬಣ್ಣ ಎಲ್ಲ ಉಜ್ಜಿ ತೆಗೆದೆ. ಎಡಗಡೆ ಕಂಪನಿಯವರು ಬಡಿದ ರಿವೆಟ್ಟುಗಳು ಗುಂಡಗೆ ಕಂಡವು. ಬಲಗಡೆ ರಿವೆಟ್ಟೇ ಇಲ್ಲ, ವೆಲ್ಡಿಂಗು. ಹೆಣೆದ ಜಡೆಯ ಹಾಗೆ ಒಂದೇ ಸಮನಾದ, ಎಲ್ಲೂ ಉಬ್ಬದ ವೆಲ್ಡಿಂಗು. ನಮ್ಮ ಮನೆಯ ಗೇಟು, ಮೆಟ್ಟಿಲ ಕಂಬಿ, ನೀರಿನ ಟ್ಯಾಂಕಿನ ಸ್ಟ್ಯಾಂಡು ಎಲ್ಲದರ ಮೇಲೂ ಅದೇ ಜಡೆ ಇದೆ. ಆ ಕೈ ಯಾರದು ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಎದ್ದು ಹೋಗಿ ಗುಜರಿ ಡ್ರಮ್ಮಿಗೆ ಕೈ ಹಾಕಿದೆ. ಬಲಗಡೆಯ ಹಳೆಯ ಮೌಂಟನ್ನು ಚಿಂದಿಯಿಂದ ಒರೆಸಿದಾಗ ಅದು ಕಂಪನಿಯ ಮಾಲೇ ಅಲ್ಲ ಅಂತ ತಿಳಿಯಿತು. ಲಾರಿ ಟೈರನ್ನು ಪದರ ಪದರವಾಗಿ ಕತ್ತರಿಸಿ ಎರಡು ತಟ್ಟೆಗಳ ನಡುವೆ ಬಿಗಿದದ್ದು. ಒಂದು ತಟ್ಟೆಯ ತೂತನ್ನು ಅರದಿಂದ ತೀಡಿ ಅರ್ಧ ಇಂಚು ಉದ್ದ ಮಾಡಿದ್ದರು.

ಮಾವ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಅದನ್ನು ಅವರ ಕಾಲ ಬಳಿ ಇಟ್ಟೆ. ಡಬ್ಬದ ಮೇಲೆ ಕೂತು, ಬಗ್ಗಿ ಅದರ ತೂತಿನಲ್ಲಿ ಬೆರಳಾಡಿಸಿದರು.

"ಹೊಂದ್ಕೊಳ್ಳುತ್ತೆ ಅಂದ್ಕೊಂಡಿದ್ದೆ," ಅಂದರು.

ಆಗ ನನ್ನ ಬಾಯಿಗೆ ಕಡಿವಾಣ ಉಳಿಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನಿಮ್ಮ ಕಥೆ ಅಂದೆ. ಗೊತ್ತಿದ್ದೂ ಗೊತ್ತಿದ್ದೂ ನನ್ನನ್ನು ಎರಡು ಸಲ ಅಂಗಡಿಗೆ ಓಡಿಸಿದಿರಿ, ತಪ್ಪಿಲ್ಲದವನನ್ನು ಕಳ್ಳ ಅನ್ನಿಸಿದಿರಿ, ಬೆಳಗ್ಗೆಯೇ ಒಂದು ಮಾತು ಹೇಳಿದ್ದರೆ ವೆಲ್ಡರ್‌ನನ್ನಾದರೂ ಕರೆಯುತ್ತಿದ್ದೆ ಅಂದೆ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವರ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು. ಹೆಂಡತಿ ಬಾಗಿಲಿಗೆ ಬಂದು, ಕಾಲ ಬಳಿಯ ಪೀಸನ್ನೂ ಅಪ್ಪನ ಮುಖವನ್ನೂ ನೋಡಿ ಅಲ್ಲೇ ನಿಂತಳು. ಮಾವ ತಿರುಗಿ ಏನಾದರೂ ಅಂದಿದ್ದರೆ ನನ್ನ ಸಿಟ್ಟಿಗೆ ಒಂದು ದಡ ಸಿಗುತ್ತಿತ್ತು.

ಅಷ್ಟರಲ್ಲಿ ಗೇಟಿನ ಹೊರಗೆ ಕಾರು ನಿಂತಿತು. ಇಂಜಿನಿಯರ್ ಹತ್ತು ನಿಮಿಷ ಮೊದಲೇ ಬಂದಿದ್ದರು. ತೆರೆದ ಬಾನೆಟ್ಟು, ಜಾಕಿನ ಮೇಲೆ ನಿಂತ ಇಂಜಿನ್, ಎಣ್ಣೆಯಲ್ಲಿ ಮಿಂದ ನನ್ನ ಕೈ ನೋಡಿ, ಏನಾಯಿತು ಅಂದರು.

"ಅಂಗಡಿಯವನು ತಪ್ಪು ಪೀಸ್ ಕೊಟ್ಟುಬಿಟ್ಟ ಸಾರ್," ಅಂದೆ. "ನಾಳೆ ಬೆಳಗ್ಗೆ ರೆಡಿ ಆಗುತ್ತೆ."

ಮಾವನ ಮಾನ ಉಳಿಸಲು ಹಾಗೆ ಹೇಳಿದೆನೋ, ನನ್ನ ಕೆಲಸ ಉಳಿಸಿಕೊಳ್ಳಲೋ, ನನಗೇ ಗೊತ್ತಿಲ್ಲ. ಮಧ್ಯಾಹ್ನ ಬೈಸಿಕೊಂಡ ಆ ಪಾಪದವನ ತಲೆಗೇ ಇದನ್ನೂ ಕಟ್ಟಿದೆ. ಇಂಜಿನಿಯರ್ ಒಳ್ಳೆಯ ಮನುಷ್ಯ. ಸರಿ, ಸೋಮವಾರದಿಂದ ಯಂತ್ರ ಸಾಗಿಸಬೇಕು, ನಾಳೆ ಒಂಬತ್ತಕ್ಕೆ ಬಂದು ನೋಡುತ್ತೇನೆ ಅಂದರು. ನನಗೆ ಹೋದ ಜೀವ ಬಂದಂತಾಯಿತು. ನಾಳೆ ಒಂಬತ್ತರೊಳಗೆ ಟೈರಿನ ತುಂಡೊಂದನ್ನು ಕತ್ತರಿಸಿ, ತೂತು ತೀಡಿ, ಹೇಗಾದರೂ ಮಾಡಿ ಕೂರಿಸಬಹುದು ಅಂತ ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. ಒಂದು ತಿಂಗಳು ತಡೆದರೆ ಸಾಕು, ಆಮೇಲೆ ನೋಡಿಕೊಂಡರಾಯಿತು.

ಮಾವ ಡಬ್ಬದ ಮೇಲಿಂದ ಎದ್ದರು.

"ಅಂಗಡಿಯವನ ತಪ್ಪಿಲ್ಲ ಸಾರ್. ಬ್ರಾಕೆಟ್ ಕೂರಿಸಿದ್ದು ನಾನು, ಅರ್ಧ ಇಂಚು ಆಚೆ ಕೂರಿಸಿದೀನಿ. ಅದನ್ನ ಕತ್ತರಿಸಿ ತೆಗೆದು, ಅಳತೆ ನೋಡಿ ಹೊಸದು ಹಾಕ್ಬೇಕು. ನಾಳೆಗೆ ಆಗೋ ಕೆಲಸ ಅಲ್ಲ. ಮೂರು ದಿನ ಬೇಕು."

ಇಂಜಿನಿಯರ್ ನನ್ನ ಮುಖ ನೋಡಿದರು. ಮೂರು ದಿನ ಕಾಯುವುದಕ್ಕೆ ಆಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಅಂತ ಹೇಳಿ, ನನ್ನ ಎಣ್ಣೆಗೈಯನ್ನೇ ಕುಲುಕಿ ಹೋದರು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಾನು ಗೇಟಿನಲ್ಲೇ ನಿಂತಿದ್ದೆ. ಎರಡು ವರ್ಷದ ಕೆಲಸ ಆ ಕಾರಿನ ಹಿಂದೆಯೇ ಹೊರಟುಹೋಯಿತು.

ತಿರುಗಿ ಬಂದು ಮಾವನ ಎದುರಿಗೆ ನಿಂತೆ. "ನಾಳೆ ಅಂತ ನಾನು ಒಪ್ಪಿಸಿದ್ದೆ. ನೀವು ಸುಮ್ನೆ ಇದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಮಾವ?"

ಅವರು ಗ್ರೈಂಡರಿನ ವೈರು ಬಿಡಿಸುತ್ತಾ ಜೀಪಿನ ಪಕ್ಕದಲ್ಲಿ ಕಷ್ಟಪಟ್ಟು ಕೂತರು.

"ಈ ಬ್ರಾಕೆಟ್ ಮುರಿದಾಗ ಕ್ವಾರಿ ಮಾಲೀಕರೂ ಹೀಗೇ ಬಂದು ನಿಂತಿದ್ರು," ಅಂದರು. "ನಾಳೆ ಬೆಳಗ್ಗೆ ಕೊಡ್ತೀನಿ ಅಂತ ಹೇಳಿಬಿಟ್ಟೆ ಅಳಿಯಂದ್ರೆ. ಕೊಟ್ಟೆ."