ಚೀಟಿ ಕೇಳದ ಗುಳಿಗೆ

‘ಓವರ್ ದ ಕೌಂಟರ್’ ಎಂಬ ಮಾತನ್ನು ನನಗೆ ಕಲಿಸಿದವನು ಬೆಳಗಾವಿಯಿಂದ ಔಷಧಿ ತರುತ್ತಿದ್ದ ಏಜೆಂಟ. ಡಾಕ್ಟರರ ಚೀಟಿ ಬೇಡ, ಕೇಳಿದವರಿಗೆ ಅಂಗಡಿಯ ಹಲಗೆಯ ಮೇಲಿಂದಲೇ ಎತ್ತಿ ಕೊಡುವ ಮಾಲು ಎಂದು ಅದರ ಅರ್ಥವಂತೆ. ಅಯ್ಯ, ಇದಕ್ಕೂ ಒಂದು ಇಂಗ್ಲಿಷ್ ಬೇಕೇ? ಗೋಕಾಕದ ಪೇಟೆಯಲ್ಲಿ ನಮ್ಮಪ್ಪನ ಕಾಲದಿಂದಲೂ ನಾವು ಮಾಡಿದ್ದು ಅದನ್ನೇ. ಆದರೂ ಮಾತು ಹಿಡಿಸಿತು, ಬಂದವರ ಮುಂದೆಲ್ಲ ಹೇಳಿ ಮೆರೆದೆ.

ನನ್ನದೊಂದು ಕಟ್ಟಳೆಯಿತ್ತು. ಯಾರಿಗೆ, ಯಾಕೆ ಎಂದು ಕೇಳುವುದಿಲ್ಲ. ಒಬ್ಬರು ಒಯ್ದದ್ದನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಬರುತ್ತಿದ್ದುದೇ ಅದಕ್ಕೆ. ಊರ ಉಸಾಬರಿ ನನಗೇಕೆ?

ಎಲ್ಲಕ್ಕಿಂತ ಹೆಚ್ಚು ಹೋಗುತ್ತಿದ್ದುದು ಬಾಳಗೋಳಿ. ಸಣ್ಣ ಗುಳಿಗೆ, ಒಳಗೆ ಅಫೀಮು. ಗಿರಣಿಗೆ ಹೋಗುವ ತಾಯಿ ಬೆಳಿಗ್ಗೆ ಒಂದನ್ನು ತೇಯ್ದು ಕೂಸಿನ ನಾಲಿಗೆಗೆ ಹಚ್ಚಿದರೆ ಸಂಜೆಯ ತನಕ ಅದು ಮಲಗಿರುತ್ತಿತ್ತು.

ಬಾಳವ್ವ ಗಿರಣಿಯವಳು. ನಾಲ್ಕು ತಿಂಗಳ ಮಗಳನ್ನು ಅತ್ತೆ ಸೀತವ್ವನ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಸೋಮವಾರ ಮಧ್ಯಾಹ್ನ ಸೀತವ್ವ ಬಂದಳು.

“ಕೂಸು ಒಂದ ಸವನ ಅಳತೈತ್ರಿ ಸಾವಕಾರ್ರ, ನನ್ನ ಕೈಲೆ ನೀಗವಲ್ದು. ಬಾಳಗೋಳಿ ಕೊಡ್ರಿ. ಸೊಸಿಗಿ ಹೇಳಬ್ಯಾಡ್ರಿ.”

ಕೊಟ್ಟೆ. ಸಂಜೆ ಗಿರಣಿ ಬಿಟ್ಟ ಮೇಲೆ ಬಾಳವ್ವ ಬಂದಳು.

“ಕೂಸು ಅತ್ತರ ನಮ್ಮತ್ತಿ ಕೆಲಸ ಬಿಡು ಅಂತಾಳ್ರಿ. ನನಗ ಬಾಳಗೋಳಿ ಬೇಕು. ಆಕಿಗಿ ಹೇಳಬ್ಯಾಡ್ರಿ ಮತ್ತ.”

ಒಂದೇ ಕೂಸಿಗೆ ಎರಡು ಪುಡಿಕೆ! ‘ನಿಮ್ಮತ್ತಿ ಒಯ್ದಾಳವ್ವ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಟ್ಟಳೆ ಎಂದರೆ ಕಟ್ಟಳೆ ಎಂದು ನುಂಗಿಕೊಂಡು ಅವಳಿಗೂ ಕೊಟ್ಟೆ.

ಮಂಗಳವಾರ ಬೆಳಿಗ್ಗೆ ತಾಯಿ ಒಂದನ್ನು ತೇಯ್ದು ಹಚ್ಚಿ ಹೋದಳು. ಕೂಸು ನಡುವೆ ಒಮ್ಮೆ ಮುಲುಗಿತೆಂದು ಅಜ್ಜಿ ಇನ್ನೊಂದನ್ನು ತೇಯ್ದು ಹಚ್ಚಿದಳು. ಸಂಜೆ ಬಾಳವ್ವ ಮನೆಗೆ ಬಂದು ಎತ್ತಿಕೊಂಡಾಗ ಕೂಸು ತಣ್ಣಗಾಗಿತ್ತು.

ಐದನೆಯ ದಿನ ಬಾಳವ್ವ ಅಂಗಡಿಗೆ ಬಂದಳು. ಕುಡಿಯುವ ಕೂಸಿಲ್ಲದೆ ಕುಪ್ಪಸವೆಲ್ಲ ಹಾಲಿನಿಂದ ತೊಯ್ದಿತ್ತು. ಹಿಂದೆಯೇ ಸೀತವ್ವ ಬಂದು ನಿಂತಳು.

“ಖರೆ ಹೇಳ್ರಿ ಸಾವಕಾರ್ರ. ನಾ ಕೊಟ್ಟಿದ್ದು ಒಂದ ಗುಳಗಿ. ಒಂದ ಗುಳಗಿಗೆ ಕೂಸು ಸಾಯತೈತೇನ್ರಿ?” ಎಂದು ಬಾಳವ್ವ ಕೇಳಿದಳು.

ಸೀತವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಸೊಸೆಯ ಭಯ, ನನಗೆ ಪೊಲೀಸರ ಭಯ.

“ಒಮ್ಮೊಮ್ಮಿ ಸಾಯತೈತಿ ತಂಗಿ,” ಎಂದೆ.

“ಹಂಗಾದ್ರ ನಾನ ಕೊಂದೇನ್ರಿ,” ಎಂದು ಬಾಳವ್ವ ಅಲ್ಲೇ ಕುಸಿದಳು. ಸೀತವ್ವ ಅವಳನ್ನು ಎಬ್ಬಿಸಿ ಮನೆಗೆ ಕರೆದುಕೊಂಡು ಹೋದಳು. ನೀನೊಬ್ಬಳೇ ಅಲ್ಲವ್ವಾ, ನಾವು ಮೂವರೂ ಕೂಡಿ ಕೊಂದೆವು ಎಂದು ಕೂಗಿ ಹೇಳಲು ನನ್ನ ಬಾಯಿಗೆ ಏನು ಬಡಿದಿತ್ತೋ! ಥೂ, ನನ್ನ ಜನ್ಮಕ್ಕಿಷ್ಟು!