ತಣ್ಣೀರಿನಲ್ಲಿ ಮಾತ್ರ

ನನ್ನ ಗಂಡ ನಿವೃತ್ತರಾದ ಹದಿನೆಂಟನೇ ದಿನ ನನ್ನ ಸ್ವೆಟರನ್ನು ಕೊಂದರು. ಇಷ್ಟು ಸಿಟ್ಟಿನಲ್ಲೂ ಬಹುವಚನ ಬಿಡಲಾಗುತ್ತಿಲ್ಲ ನೋಡಿ, ನಾಲಿಗೆಗೆ ಅಂಥ ಅಭ್ಯಾಸ ಬಿದ್ದುಹೋಗಿದೆ. ಕೊಂದರು ಅನ್ನುವುದು ದೊಡ್ಡ ಮಾತಾಯಿತು ಎಂದು ನನ್ನ ನಾದಿನಿ ಹೇಳುತ್ತಾಳೆ. ಅವಳ ಬೀರುವಿನಲ್ಲಿ ನಾನು ಹೆಣೆದುಕೊಟ್ಟ ಸ್ವೆಟರುಗಳು ಒಂಬತ್ತಿವೆ. ಅವಳು ಏನು ಬೇಕಾದರೂ ಹೇಳಬಹುದು.

ನನಗೀಗ ಐವತ್ಮೂರು. ಹೆಣಿಗೆಯೇ ನನ್ನ ಕಸುಬು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಪೇಟೆಯ ಅಂಗಡಿಯೊಂದಕ್ಕೆ ಮಕ್ಕಳ ಟೋಪಿ, ಕಾಲುಚೀಲ, ಸ್ವೆಟರು ಹೆಣೆದುಕೊಡುತ್ತೇನೆ. ಅದು ಮುಗಿದ ಮೇಲೆ ಮನೆಯವರ ಸರದಿ. ಮಗಳಿಗೊಂದು, ಅಳಿಯನಿಗೊಂದು, ನಾದಿನಿಯ ಗಂಡನ ಬೋಳು ತಲೆಗೊಂದು ಟೋಪಿ. "ಹೇಗೂ ಕೂತೇ ಇರ್ತೀಯಲ್ಲ" ಎಂದು ಶುರುವಾಗುವ ಯಾವ ಮಾತು ಕೇಳಿದರೂ ನನಗೆ ಮೈಯೆಲ್ಲ ಉರಿಯುತ್ತದೆ. ಕೂತೇ ಇರುತ್ತೇನೆ, ನಿಜ. ಕೂತು ಏನು ಮಾಡುತ್ತೇನೆ ಎಂದು ನೋಡಿದವರು ಯಾರು? ಮೂವತ್ತು ವರ್ಷದಲ್ಲಿ ಈ ಮನೆತನದ ಎಲ್ಲರ ಎದೆ, ತೋಳು, ಕುತ್ತಿಗೆಯ ಅಳತೆ ನನಗೆ ಬಾಯಿಪಾಠವಾಗಿದೆ. ನನಗೆ ಅಂತ ಒಂದೇ ಒಂದು ಸ್ವೆಟರು ಹೆಣೆದುಕೊಂಡಿರಲಿಲ್ಲ. ಚಳಿಗೆ ಮಗಳ ಹಳೆಯದು, ಗಂಡನ ಹಳೆಯದು, ಮೊಣಕೈಗೆ ತೇಪೆ ಹಾಕಿಕೊಂಡು.

ಇದನ್ನು ಮೊದಲು ಗಮನಿಸಿದವಳು ಗುಂಡಿ ಅಂಗಡಿಯವಳು. ಗುಂಡಿ, ದಾರ, ಸೂಜಿ, ಉಣ್ಣೆ ಮಾರುವ ಇಕ್ಕಟ್ಟಿನ ಅಂಗಡಿ ಅವಳದು. ಗುರುವಾರ ಮಧ್ಯಾಹ್ನ ಅದರ ಹಿಂದಿನ ಕೋಣೆಯಲ್ಲಿ ನಾವು ಮೂವರು ಸೇರುತ್ತೇವೆ. ಅವಳು, ನಾನು, ಮತ್ತೆ ಟೀಚರ್. ಟೀಚರ್ ಶಾಲೆ ಬಿಟ್ಟು ನಾಲ್ಕು ವರ್ಷವಾದರೂ ಪಾಠ ಬಿಟ್ಟಿಲ್ಲ, ಬಾಯಿ ಮುಚ್ಚಿದ್ದನ್ನು ನಾವು ನೋಡಿಲ್ಲ. ಒಂದು ಗುರುವಾರ ಗುಂಡಿ ಅಂಗಡಿಯವಳು ನನ್ನ ಮೊಣಕೈಯ ತೇಪೆಯನ್ನು ಬೆರಳಿನಲ್ಲಿ ಎತ್ತಿ ನೋಡಿದಳು.

"ಬಡಗಿ ಮನೇಲಿ ಕುರ್ಚಿ ಮುರುಕು ಇದ್ದ ಹಾಗಾಯ್ತು ನಿನ್ ಕಥೆ. ಎದ್ದು ನಿಂತ್ಕೋ."

ಟೇಪು ತೆಗೆದುಕೊಂಡು ಬಂದು ಅಳತೆ ತೆಗೆದಳು. ನನ್ನ ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗಿದೆ ಎಂದು ನನಗೆ ಗೊತ್ತಾಗಿದ್ದು ಆವತ್ತು. ಮೂವತ್ತು ವರ್ಷ ಒಂದೇ ಭಂಗಿಯಲ್ಲಿ ಕಡ್ಡಿ ಹಿಡಿದರೆ ಇನ್ನೇನಾಗುತ್ತದೆ. ಮಗಳದ್ದಾಗಲಿ ಗಂಡನದ್ದಾಗಲಿ, ಯಾವ ಸ್ವೆಟರೂ ನನ್ನ ಮೈಮೇಲೆ ಯಾಕೆ ಒಂದು ಕಡೆಗೆ ಜಾರುತ್ತಿತ್ತು ಎನ್ನುವುದೂ ಆಗಲೇ ತಿಳಿಯಿತು.

ಏಳು ತಿಂಗಳು ಹಿಡಿಯಿತು. ಗಾಢ ಕೆಂಪು ಉಣ್ಣೆ, ಬೆನ್ನಿಗೆ ಜಡೆಯ ಹಾಗೆ ಹೆಣೆದುಕೊಂಡ ಮೂರು ಪಟ್ಟಿ, ಮಧ್ಯದ್ದು ದಪ್ಪ, ಅಕ್ಕಪಕ್ಕದ್ದು ಸಣ್ಣ. ಬಲಭುಜಕ್ಕೆ ನಾಲ್ಕು ಸಾಲು ಕಡಿಮೆ. ಅಂಗಡಿಯ ಕೆಲಸ ಮುಗಿಸಿ, ಅಡುಗೆ ಮುಗಿಸಿ, ಉಳಿದ ಹೊತ್ತಿನಲ್ಲಿ ಹೆಣೆದೆ. ಒಮ್ಮೆ ಜಡೆ ತಪ್ಪು ದಿಕ್ಕಿಗೆ ತಿರುಗಿದ್ದು ಇಪ್ಪತ್ತು ಸಾಲು ದಾಟಿದ ಮೇಲೆ ಕಣ್ಣಿಗೆ ಬಿತ್ತು. ಬೇರೆಯವರದ್ದಾಗಿದ್ದರೆ ಬಿಟ್ಟುಬಿಡುತ್ತಿದ್ದೆ, ಯಾರಿಗೆ ಗೊತ್ತಾಗುತ್ತದೆ. ನನ್ನದು ಅಂತ ಇಪ್ಪತ್ತೂ ಸಾಲು ಬಿಚ್ಚಿದೆ. ನಮ್ಮವರು ಪೇಪರಿನ ಮೇಲಿಂದ ಒಮ್ಮೆ ನೋಡಿ, "ಈ ವಯಸ್ಸಲ್ಲಿ ಕೆಂಪಾ?" ಎಂದಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಗುರುವಾರ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೊನೆಯ ಸಾಲು ಮುಚ್ಚಿದೆ. ಗುಂಡಿ ಅಂಗಡಿಯವಳು ಆರು ಮರದ ಗುಂಡಿ ಆರಿಸಿಕೊಟ್ಟಳು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಎರಡು ಭುಜದ ಮೇಲೂ ಸಮನಾಗಿ ಕೂತಿತ್ತು. ಸಂಭ್ರಮದಲ್ಲಿ ಚಹಾ ಕುಡಿಯುವಾಗ ತೋಳಿನ ತುದಿಗೆ ಒಂದು ಹನಿ ಬಿತ್ತು. ಅದನ್ನೇ ಹಾಕಿಕೊಂಡು ಮನೆಗೆ ನಡೆದೆ. ಹದಿನೈದು ನಿಮಿಷದ ದಾರಿ. ಆ ಸ್ವೆಟರನ್ನು ನಾನು ತೊಟ್ಟಿದ್ದು ಅಷ್ಟೇ.

ಮನೆಗೆ ಬಂದು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದೆ. ನಮ್ಮವರು ಅಲ್ಲೇ ಕೂತು ವಾಷಿಂಗ್ ಮೆಷಿನ್ನಿನ ಪುಸ್ತಕ ಓದುತ್ತಿದ್ದರು. ನಿವೃತ್ತಿಯಾದ ಮೇಲೆ ಮನೆಕೆಲಸದಲ್ಲಿ ಸಹಾಯ ಮಾಡುತ್ತೇನೆ ಎಂದು ಎಲ್ಲರ ಮುಂದೆ ಘೋಷಣೆಯಾಗಿತ್ತು. ನಾನು ಅವರ ಎದುರು ನಿಂತು, ಮುಖ ನೋಡಿ ಹೇಳಿದೆ.

"ಇದನ್ನ ಮಾತ್ರ ಮುಟ್ಬೇಡಿ. ತಣ್ಣೀರಲ್ಲಿ ಕೈಯಲ್ಲೇ ತೊಳೀಬೇಕು. ನಾಳೆ ನಾನೇ ತೊಳ್ಕೋತೀನಿ."

"ಹೂಂ" ಎಂದರು.

ಮರುದಿನ ಬೆಳಿಗ್ಗೆ ಪೇಟೆಯ ಅಂಗಡಿಗೆ ಮಾಲು ಕೊಟ್ಟು ಬರಲು ಹೋದೆ. ಬರುವಾಗ ಮೆಷಿನ್ನು ನಿಂತಿತ್ತು, ಇವರು ಬಕೆಟ್ಟು ಹಿಡಿದು ಹೆಮ್ಮೆಯಿಂದ ನಿಂತಿದ್ದರು.

"ಬಿಳೀದು, ಬಣ್ಣದ್ದು ಬೇರೆ ಬೇರೆ ಮಾಡ್ದೆ. ಕೊಳೆ ಚೆನ್ನಾಗಿ ಹೋಗ್ಲಿ ಅಂತ ಬಿಸಿನೀರಿಗೆ ಇಟ್ಟೆ."

ಮೆಷಿನ್ನಿನ ಬಾಗಿಲು ತೆಗೆದರು. ಬಣ್ಣದ ಟವೆಲುಗಳ ನಡುವಿನಿಂದ ಒಂದು ಕೆಂಪು ತೋಳು ಹೊರಗೆ ಬಂದಿತ್ತು. ಎಳೆದೆ. ಕೈಗೆ ಬಂದದ್ದು ಒಂದು ಸಣ್ಣ, ದಪ್ಪ, ಒರಟು ವಸ್ತು. ಉಣ್ಣೆ ಬಿಸಿನೀರಿನಲ್ಲಿ ಉರುಳಾಡಿದರೆ ಎಳೆ ಎಳೆಗೆ ಕಚ್ಚಿಕೊಂಡು ಕಂಬಳಿಯಾಗುತ್ತದೆ. ಹೆಣಿಗೆ ತಪ್ಪಿದರೆ ಬಿಚ್ಚಬಹುದು, ತೂತಾದರೆ ಸೇರಿಸಬಹುದು, ಹಳತಾದರೆ ನೂಲು ತೆಗೆದು ಇನ್ನೊಂದು ಹೆಣೆಯಬಹುದು. ಹೀಗಾದದ್ದನ್ನು ಯಾರಿಂದಲೂ ಏನೂ ಮಾಡಲಾಗುವುದಿಲ್ಲ. ಏಳು ತಿಂಗಳಲ್ಲಿ ಒಂದು ಗೇಣು ನೂಲೂ ನನಗೆ ವಾಪಸ್ಸು ಸಿಗುವ ಹಾಗಿರಲಿಲ್ಲ.

"ಇದೇನು ಇಷ್ಟು ಚಿಕ್ಕದಾಗೋಯ್ತು?" ಎಂದು ಕೇಳಿದರು. ನನ್ನ ಮುಖ ನೋಡಿ ಸ್ವಲ್ಪ ಹಿಂದೆ ಸರಿದರು. "ನನಗೇನ್ ಗೊತ್ತು ಇವೆಲ್ಲ. ನೀನು ಹೇಳ್ಬೇಕಿತ್ತು."

"ಹೇಳಿದ್ದೆ."

"ಯಾವಾಗ?"

ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು, ಯಾವಾಗ ಎಂದು. ಎಷ್ಟು ಗಟ್ಟಿಯಾಗಿ ಕೇಳಿದರೆಂದರೆ, ಹೇಳಿದ್ದೆನೋ ಇಲ್ಲವೋ ಎಂದು ಒಂದು ಗಳಿಗೆ ನನಗೇ ಅನುಮಾನವಾಯಿತು. ಸ್ವೆಟರು ಹೋದದ್ದಕ್ಕೆ ಬಂದ ಸಿಟ್ಟು ಒಂದು ತೂಕವಾದರೆ, ಆ ಅನುಮಾನ ತರಿಸಿದ್ದಕ್ಕೆ ಬಂದ ಸಿಟ್ಟು ಹತ್ತು ತೂಕ.

ಸಂಜೆಯೊಳಗೆ ಸುದ್ದಿ ಎಲ್ಲ ಕಡೆ ಹಬ್ಬಿತು. ಹಬ್ಬಿಸಿದವರು ಅವರೇ. ಮೊದಲು ಮಗಳ ಫೋನು.

"ಅಮ್ಮಾ, ಪಾಪ ಅಪ್ಪ. ಒಳ್ಳೇದು ಮಾಡೋಕ್ ಹೋಗಿ ಹೀಗಾಗಿದೆ. ಅವ್ರಿಗೆ ಹೇಗೆ ಗೊತ್ತಾಗ್ಬೇಕು? ನೀನು ಒಂದು ಮಾತು ಹೇಳ್ಬೇಕಿತ್ತು."

ಆಮೇಲೆ ನಾದಿನಿ. "ಅತ್ತಿಗೆ, ನಮ್ಮಣ್ಣ ಊಟಾನೇ ಸರಿಯಾಗಿ ಮಾಡ್ತಿಲ್ವಂತೆ. ಒಂದು ಸ್ವೆಟರಿಗೆ ಇಷ್ಟೊಂದಾ? ಇನ್ನೊಂದು ಹೆಣ್ಕೊಂಡ್ರಾಯ್ತು, ಹೇಗೂ ಕೂತೇ ಇರ್ತೀರಲ್ಲ."

ಎದುರುಮನೆಯ ಹೆಂಗಸಂತೂ ಬಾಗಿಲಿಗೇ ಬಂದು, ತನ್ನ ಗಂಡ ಕುಡಿದ ಲೋಟವನ್ನೂ ಎತ್ತಿಡುವುದಿಲ್ಲ, ನಾನು ಪುಣ್ಯವಂತೆ ಎಂದು ಹೇಳಿ ಹೋದಳು. ಮೂವತ್ತು ವರ್ಷ ನಾನು ಒಗೆದ ಬಟ್ಟೆಗೆ ಪಾಪ ಅಂದವರಿಲ್ಲ. ಇವರು ಹದಿನೆಂಟು ದಿನದಲ್ಲಿ ಮೂರು ಸಲ ಒಗೆದು ಊರಿನ ಕಣ್ಣಿಗೆಲ್ಲ ಪಾಪವಾಗಿಬಿಟ್ಟರು. "ಹೇಳಿದ್ದೆ" ಎಂದು ನಾನು ಎಲ್ಲರಿಗೂ ಹೇಳಿದೆ. ಎಲ್ಲರೂ "ಹೋಗ್ಲಿ ಬಿಡು" ಎಂದರು. ಯಾರೂ ನಂಬಲಿಲ್ಲ, ಅಥವಾ ನಂಬುವುದು ಬಿಡುವುದು ಅಷ್ಟು ದೊಡ್ಡ ವಿಷಯ ಅನ್ನಿಸಲಿಲ್ಲ. ಇವರು ಪಕ್ಕದಲ್ಲೇ ಕೂತು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು.

ಗುರುವಾರ ಅದನ್ನು ಚೀಲದಲ್ಲಿ ಹಾಕಿಕೊಂಡು ಗುಂಡಿ ಅಂಗಡಿಗೆ ಹೋದೆ. ಮೇಜಿನ ಮೇಲೆ ಇಟ್ಟೆ. ಗುಂಡಿ ಅಂಗಡಿಯವಳು ಬಲಭುಜದ ಜಾಗವನ್ನು ಹುಡುಕಿ ಬೆರಳಿಟ್ಟಳು. ಟೀಚರ್ ಬಾಯಿ ತೆರೆದವರು ಮುಚ್ಚಿದರು.

"ನೀನು ಹೇಳಿರ್ಲಿಲ್ವಾ ಅಂತ ಕೇಳಲ್ವಾ?" ಎಂದೆ.

"ನೀನು ಹೇಳ್ದೆ ಇರ್ತೀಯಾ?" ಎಂದರು ಟೀಚರ್. "ಉಣ್ಣೆ ತೊಳೆಯೋದು ಹೇಗೆ ಅಂತ ನಮಗೇ ವಾರಕ್ಕೊಂದು ಸಲ ಹೇಳ್ತೀಯ."

ಅಲ್ಲಿಯವರೆಗೆ ಅಳು ಬಂದಿರಲಿಲ್ಲ. ಆವತ್ತು ಬಂತು. ಅತ್ತದ್ದಕ್ಕೂ ಸಿಟ್ಟು ಬಂತು. ಕಣ್ಣೊರೆಸಿಕೊಳ್ಳಲು ಏನೂ ಸಿಗದೆ ಅಂಗಡಿಗೆ ಹೆಣೆಯುತ್ತಿದ್ದ ಟೋಪಿಯಲ್ಲೇ ಒರೆಸಿಕೊಂಡೆ.

ಭಾನುವಾರ ಎಲ್ಲರೂ ನಮ್ಮಲ್ಲಿಗೆ ಊಟಕ್ಕೆ ಬಂದರು. ರಾಜಿ ಮಾಡಿಸಲು ಬಂದಿದ್ದು ಎಂದು ಅವರು ಕಾಲಿಟ್ಟ ರೀತಿಯಲ್ಲೇ ಗೊತ್ತಾಯಿತು. ಮಗಳು, ಅಳಿಯ, ಆರು ವರ್ಷದ ಮೊಮ್ಮಗಳು, ನಾದಿನಿ. ನಾನು ಒಲೆಯ ಮುಂದಿದ್ದಾಗ ನಡುಮನೆಯಲ್ಲಿ ಜೋರಾಗಿ ನಗು ಕೇಳಿಸಿತು. ಸೌಟು ಹಿಡಿದುಕೊಂಡೇ ಹೋಗಿ ನೋಡಿದೆ.

ನನ್ನ ಕುರ್ಚಿಯ ಮೇಲಿದ್ದ ಸ್ವೆಟರನ್ನು ನಾದಿನಿ ಮೊಮ್ಮಗಳಿಗೆ ಹಾಕಿದ್ದಳು. ಆರು ಗುಂಡಿಯನ್ನೂ ಹಾಕಿಬಿಟ್ಟಿದ್ದಳು.

"ನೋಡಿ ಅತ್ತಿಗೆ, ಅಳತೆ ಕೊಟ್ಟು ಮಾಡ್ಸಿದ ಹಾಗಿದೆ. ಇದಕ್ಕೇ ಕುಗ್ಗಿದ್ದು ಅನ್ಸುತ್ತೆ."

"ಕೆಂಪು ಇವಳಿಗೇ ಒಪ್ಪೋದು" ಎಂದಳು ಮಗಳು. ಅಳಿಯ ಫೋನಿನಲ್ಲಿ ಫೋಟೋ ತೆಗೆದ. ನಮ್ಮವರ ಮುಖ ಒಂಬತ್ತು ದಿನದಲ್ಲಿ ಮೊದಲ ಸಲ ಅರಳಿತು.

"ನೋಡ್ದ್ಯಾ, ಒಳ್ಳೇದೇ ಆಯ್ತು. ಸುಮ್ನೆ ಅಷ್ಟು ಸಿಟ್ಟು ಮಾಡ್ಕೊಂಡೆ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ನಗಬೇಕಿತ್ತು. ನಕ್ಕರೆ ಎಲ್ಲ ಮುಗಿಯುತ್ತಿತ್ತು. ನಾನು ಹೇಳಿರಲಿಲ್ಲ, ಇವರು ಪಾಪ, ಸ್ವೆಟರು ಮೊದಲಿನಿಂದಲೂ ಮಗುವಿನದ್ದೇ ಎಂದು ತೀರ್ಮಾನವಾಗಿ ಊಟಕ್ಕೆ ಕೂರಬಹುದಿತ್ತು.

"ಬಿಚ್ಚು ಪುಟ್ಟಿ" ಎಂದೆ.

"ಯಾಕಜ್ಜಿ?"

"ಅದು ನಂದು."

"ನಿಂಗೆ ಆಗಲ್ವಲ್ಲ."

"ಆಗಲ್ಲ. ಆದ್ರೂ ನಂದು. ನಿಂಗೆ ಬೇರೆ ಹೆಣೆದುಕೊಡ್ತೀನಿ, ಬೇಕಾದ ಬಣ್ಣದ್ದು."

ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. "ಚುಚ್ಚುತ್ತೆ ಇದು" ಎಂದು ಕುತ್ತಿಗೆ ಕೆರೆದುಕೊಂಡು ತಾನೇ ಗುಂಡಿ ಬಿಚ್ಚತೊಡಗಿದಳು. ಮಿಕ್ಕವರೆಲ್ಲ ನಾನು ಮಗುವಿನ ಬಾಯಿಂದ ತುತ್ತು ಕಿತ್ತುಕೊಂಡ ಹಾಗೆ ನೋಡುತ್ತಿದ್ದರು.

"ಅಮ್ಮಾ, ಮಗು ಅದು" ಎಂದಳು ಮಗಳು.

"ಮಗು ಮೇಲೆ ನಂಗೇನು ಸಿಟ್ಟು?" ಸ್ವೆಟರನ್ನು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡೆ. ಗಂಡನ ಕಡೆ ತಿರುಗಿದೆ. "ಕುರ್ಚಿ ಮುಂದೆ ನಿಂತು ನಾನು ಏನು ಹೇಳಿದ್ದೆ ಅಂತ ಇವ್ರಿಗೆಲ್ಲ ಹೇಳಿ."

"ಈಗ ಯಾಕೆ ಅದೆಲ್ಲ. ಊಟ ಆರ್ತಿದೆ."

"ಆರ್ಲಿ."

"ಸರಿ, ತಪ್ಪಾಯ್ತು ಅಂದೆ ಅನ್ಕೋ."

"ನಾನು ಏನೂ ಅನ್ಕೊಳ್ಳಲ್ಲ. ಹೇಳಿ."

ನಾದಿನಿ ನಡುವೆ ಬಾಯಿ ಹಾಕಲು ಹೋದಳು. ಸೌಟು ಎತ್ತಿದೆ. ಹೊಡೆಯಲು ಅಲ್ಲ, ಆದರೆ ಅದು ನನಗೆ ಮಾತ್ರ ಗೊತ್ತಿತ್ತು. ಅವಳು ಕುರ್ಚಿಗೆ ಒರಗಿದಳು. ಅಳಿಯ ಫೋನನ್ನು ಜೇಬಿಗೆ ಹಾಕಿಕೊಂಡ. ನಮ್ಮವರು ಮಗಳ ಮುಖ ನೋಡಿದರು, ತಂಗಿಯ ಮುಖ ನೋಡಿದರು. ಈ ಸಲ ಯಾರೂ ಪಾಪ ಅನ್ನಲಿಲ್ಲ. ಸಂಜೆಯವರೆಗೆ ಬೇಕಾದರೂ ನಾನು ಅಲ್ಲೇ ನಿಂತಿರುತ್ತಿದ್ದೆ.

"ಹೇಳಿದ್ಲು" ಎಂದರು ನೆಲ ನೋಡುತ್ತ.

"ಏನಂತ?"

"ಮುಟ್ಬೇಡಿ ಅಂತ. ತಣ್ಣೀರು ಅಂತ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೇಳಿಸ್ತು. ಅವಳು ಯಾವಾಗ್ಲೂ ಉಣ್ಣೆ ವಿಷಯಾನೇ ಮಾತಾಡ್ತಿರ್ತಾಳೆ, ನಾನು ಹೂಂ ಅಂತಿರ್ತೀನಿ. ಆಮೇಲೆ ಮೆಷಿನ್ ಬಾಗಿಲು ತೆಗೆದಾಗ ನೆನಪಾಯ್ತು. ಆಗ ಒಪ್ಕೊಳ್ಳೋಕೆ ಬಾಯಿ ಬರ್ಲಿಲ್ಲ."

ಮಗಳು "ಅಪ್ಪಾ" ಎಂದಳು. ನಾದಿನಿ ತನ್ನ ಸೆರಗಿನ ಅಂಚನ್ನು ನೋಡತೊಡಗಿದಳು.

ಇದನ್ನು ಕೇಳಿದರೆ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಮೆಷಿನ್ನಿನ ಬಾಗಿಲ ಹತ್ತಿರವೇ ನೆನಪಾಗಿತ್ತಂತೆ. ಅಂದರೆ ನನ್ನ ಕಣ್ಣಲ್ಲಿ ಕಣ್ಣಿಟ್ಟು "ಯಾವಾಗ" ಎಂದು ಕೇಳಿದಾಗ ಅವರಿಗೆ ಎಲ್ಲ ಗೊತ್ತಿತ್ತು. ಒಂಬತ್ತು ದಿನ ನನ್ನನ್ನು ಸುಳ್ಳಿ ಮಾಡಿ ಪಕ್ಕದಲ್ಲೇ ಕೂತು ಚಹಾ ಕುಡಿದಿದ್ದರು. ಸಿಟ್ಟು ಇನ್ನೂ ಏರಿತು. ಆದರೆ ಈಗ ಅದು ನನ್ನೊಬ್ಬಳ ತಲೆಯೊಳಗಿನ ಸಿಟ್ಟಾಗಿರಲಿಲ್ಲ, ಮನೆಯ ಮಧ್ಯೆ ಎಲ್ಲರಿಗೂ ಕಾಣುವ ಹಾಗೆ ನಿಂತಿತ್ತು.

ಅಡುಗೆಮನೆಗೆ ಹೋಗಲು ಮಗಳು ಎದ್ದಳು. ಅವಳನ್ನು ಕೂರಿಸಿದೆ. ಮೇಜಿನ ಹತ್ತಿರ ಹೋಗಿ ನನ್ನ ಜಾಗದಲ್ಲಿ ಕೂತೆ. ಇಷ್ಟು ವರ್ಷ ಎಲ್ಲರದ್ದೂ ಆದ ಮೇಲೆ ಕೂರುತ್ತಿದ್ದ ಜಾಗ ಅದು. ಸ್ವೆಟರನ್ನು ತೊಡೆಯ ಮೇಲೆ ಮಡಿಸಿ ಇಟ್ಟುಕೊಂಡು, ಸೌಟನ್ನು ಗಂಡನ ಕಡೆ ಚಾಚಿದೆ.

"ಬಡಿಸಿ" ಎಂದೆ. "ಮೊದಲು ನಂಗೆ."